ಅಗಳಿ ಯಾವ ಬದಿಗಿತ್ತು?

ಹಾಳುಬಿದ್ದ ಕೋಟೆಗಳನ್ನೂ ಬರಿದಾದ ಸೆರೆಮನೆಗಳನ್ನೂ ನೋಡಿ ಬರುವ ಚಟ ನನಗೆ ಯಾವಾಗ ಅಂಟಿಕೊಂಡಿತೋ ಹೇಳಲಾರೆ. ಬೇರೆಯವರು ತೀರ್ಥಯಾತ್ರೆಗೆ ಹೋದಲ್ಲಿ ನಾನು ಕೋಟೆಗೆ ಹೋದೆ. ಬೇರೆಯವರು ಪೇಟೆ ಸುತ್ತಲು ಹೊರಟಾಗ ನಾನು ಹಳೆಯ ತುರಂಗ ಎಲ್ಲಿದೆಯೆಂದು ವಿಚಾರಿಸಿದೆ. ಮನೆಯವರು ಮೊದಮೊದಲು ನಕ್ಕರು, ಆಮೇಲೆ ಬೈದರು, ಈಗ ಬುತ್ತಿ ಕಟ್ಟಿಕೊಟ್ಟು ಸುಮ್ಮನಿರುತ್ತಾರೆ. ಇದರಲ್ಲಿ ಸುಖವೇನಿದೆ ಎಂದು ಯಾರಾದರೂ ಕೇಳಿದರೆ ಇತಿಹಾಸದ ಆಸಕ್ತಿ ಎಂದು ದೊಡ್ಡ ಮಾತಾಡಿ ತಪ್ಪಿಸಿಕೊಳ್ಳುತ್ತಿದ್ದೆ. ಸುಖವಿತ್ತೆಂಬುದಂತೂ ನಿಜ. ಆ ಸುಖ ಎಂಥದು, ಅದು ನ್ಯಾಯವಾದದ್ದೇ ಎಂಬ ಪ್ರಶ್ನೆ ಮಾತ್ರ ಈಚೆಗೆ, ಎಪ್ಪತ್ತರ ಹೊಸ್ತಿಲಿಗೆ ಬಂದ ಮೇಲೆ, ನನ್ನನ್ನು ಕಾಡಹತ್ತಿದೆ.

ನನ್ನ ಊರು ಹೊನ್ನಾವರ ತಾಲೂಕಿನ ಮಂಕಿ. ಪಡುವಣಕ್ಕೆ ಕಡಲು, ಮೂಡಣಕ್ಕೆ ಗುಡ್ಡ, ನಡುವೆ ಗದ್ದೆ, ತೆಂಗಿನ ತೋಟ. ದೇವಸ್ಥಾನ, ಮಸೀದಿ, ಇಗರ್ಜಿ ಮೂರೂ ಉಳ್ಳ ಊರು. ಈಗ ಕೊಂಕಣ ರೈಲು ಬಂದು ಸ್ಟೇಶನ್ನೂ ಆಗಿದೆ. ನಾನು ಹುಡುಗನಾಗಿದ್ದಾಗ ಕೋಟೆ ಎಂದರೆ ನಮಗೆಲ್ಲ ಮಿರ್ಜಾನಿನ ಕೋಟೆ. ಶರಾವತಿಯನ್ನು ದಾಟಿ, ಕುಮಟೆಯನ್ನು ಹಾಯ್ದು, ಅಘನಾಶಿನಿಯ ಆಚೆ ದಡಕ್ಕೆ ಹೋಗಬೇಕು. 1966ರ ಬೇಸಿಗೆಯಲ್ಲಿ ನನ್ನನ್ನು ಮೊದಲ ಸಲ ಅಲ್ಲಿಗೆ ಕರೆದೊಯ್ದವರು ಚಿಕ್ಕಜ್ಜ. ಅಂದರೆ ನನ್ನ ಅಜ್ಜನ ತಮ್ಮ. ಅವರಿಗೆ ಕೋಟೆ ತೋರಿಸುವ ಉಮೇದು ಇತ್ತೆಂದಲ್ಲ. ಕುಮಟೆಯಲ್ಲಿ ಏನೋ ಕಾಗದದ ಕೆಲಸವಿತ್ತು, ನಾನು ಹಟ ಹಿಡಿದೆ, ಅಷ್ಟೆ.

ಆಗ ಕೋಟೆ ಇಂದಿನಂತೆ ಗುಡಿಸಿಟ್ಟ ಹಾಗಿರಲಿಲ್ಲ. ಪುರಾತತ್ವ ಇಲಾಖೆಯವರು ಅಲ್ಲಿ ಅಗೆತ ನಡೆಸಿದ್ದು 2000-01ರಲ್ಲಿ. ಚೀನಾದ ಪಿಂಗಾಣಿಯ ಚೂರುಗಳೂ ತೋಪಿನ ಗುಂಡುಗಳೂ ಆಗ ಸಿಕ್ಕವು. ನಾವು ಹೋದಾಗ ಅದು ಬಳ್ಳಿ ಪೊದೆಗಳು ನುಂಗಿಹಾಕಿದ ಚಿರೇಕಲ್ಲಿನ ಗುಡ್ಡ. ಹೆಬ್ಬಾಗಿಲಿನ ಎತ್ತರದ ಮೆಟ್ಟಿಲುಗಳನ್ನು ಏರಿ ನಾನು ಕುಣಿದಾಡಿದೆ. ಕೈಯಲ್ಲೊಂದು ಕೋಲು ಹಿಡಿದು ಇಲ್ಲದ ಶತ್ರುವಿನ ಮೇಲೆ ದಂಡೆತ್ತಿ ಹೋದೆ. ಚಿಕ್ಕಜ್ಜ ಬಾಗಿಲು ದಾಟಲಿಲ್ಲ. ಬಾಗಿಲಿದ್ದ ಜಾಗದಲ್ಲಿ ನಿಂತು ಕಲ್ಲಿನ ಮೇಲೆ ಕೈಯಾಡಿಸುತ್ತಿದ್ದರು. ನಾನು ಓಡಿ ಬಂದು ಏನು ನೋಡುತ್ತಿದ್ದೀರಿ ಎಂದು ಕೇಳಿದೆ.

“ಮಾಣಿ, ಅಗಳಿ ಯಾವ ಬದಿಗಿತ್ತು, ಅದನ್ನು ನೋಡು,” ಎಂದರು. “ಗೋಡೆ ಎಲ್ಲಾ ಕಡೆ ಒಂದೇ. ಕೋಟೆಗೆ ಅಗಳಿ ಒಳಗಿಂದ, ತುರಂಗಕ್ಕೆ ಹೊರಗಿಂದ.”

ಹನ್ನೊಂದು ವರ್ಷದ ಹುಡುಗನಿಗೆ ಆ ಮಾತು ರುಚಿಸಲಿಲ್ಲ. ಕೋಟೆ ಎಂದರೆ ಶೌರ್ಯ, ತುರಂಗ ಎಂದರೆ ಅವಮಾನ. ಎರಡನ್ನೂ ಒಂದೇ ತಕ್ಕಡಿಯಲ್ಲಿಡುವುದು ನನಗೆ ಸರಿಕಾಣಲಿಲ್ಲ. ಮುಂದೆ ಓದಿ ನೋಡಿದಷ್ಟೂ ಚಿಕ್ಕಜ್ಜನ ಮಾತೇ ನಿಲ್ಲುತ್ತ ಬಂದಿತು. ಮಿರ್ಜಾನಿನ ಹೆಸರಿನೊಂದಿಗೆ ನಾವು ನೆನೆಯುವುದು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಈ ಸೀಮೆಯನ್ನು ಆಳಿದವಳು. ಇಲ್ಲಿಂದ ಹಡಗು ಹತ್ತಿದ ಕರಿಮೆಣಸಿನ ಕಾರಣದಿಂದ ಪೋರ್ತುಗೀಜರು ಅವಳನ್ನು ಮೆಣಸಿನ ರಾಣಿ ಎಂದು ಕರೆದರು. ಕೆಳದಿಯ ವೆಂಕಟಪ್ಪ ನಾಯಕನ ಕಾಲಕ್ಕೆ, 1606ರ ಸುಮಾರಿಗೆ, ಅವಳ ರಾಜ್ಯ ಮುಗಿಯಿತು. ರಾಣಿ ಇಕ್ಕೇರಿಯಲ್ಲಿ ಸೆರೆಯಾಳಾಗಿಯೇ ಕಣ್ಣು ಮುಚ್ಚಿದಳೆಂದು ಹೇಳುತ್ತಾರೆ. ಒಳಗಿನಿಂದ ಅಗಳಿ ಹಾಕಿಸುತ್ತಿದ್ದವಳಿಗೆ ಹೊರಗಿನಿಂದ ಅಗಳಿ ಬಿತ್ತು. ಕಲ್ಲು, ಗಾರೆ, ಕಾವಲಿನವರ ಕೂಗು ಎಲ್ಲವೂ ಅವಳಿಗೆ ಪರಿಚಿತವೇ ಇದ್ದಿರಬೇಕು.

ಒಳಗಿನ ಅಗಳಿಯನ್ನೂ ಅಷ್ಟೊಂದು ನಂಬುವ ಹಾಗಿಲ್ಲ. ಹೊನ್ನಾವರದ ಕೋಟೆಯ ಕಥೆ ಇದಕ್ಕೆ ಸಾಕ್ಷಿ. 1783ರ ಜನವರಿಯಲ್ಲಿ ಇಂಗ್ಲಿಷರು ಅದನ್ನು ಮೈಸೂರಿನಿಂದ ಕಸಿದುಕೊಂಡರು. ಅದೇ ವರ್ಷ ಟಿಪ್ಪುವಿನ ದಂಡು ಬಂದು ಸುತ್ತುಗಟ್ಟಿತು. ಕ್ಯಾಪ್ಟನ್ ಟೊರಿಯಾನೊ ಎಂಬವನು ತನ್ನ ಸಿಪಾಯಿಗಳೊಂದಿಗೆ ಬಾಗಿಲು ಭದ್ರಪಡಿಸಿಕೊಂಡು ತಿಂಗಳುಗಟ್ಟಲೆ ಒಳಗೆ ಕುಳಿತ. ಜೇಮ್ಸ್ ಫೋರ್ಬ್ಸ್ 1813ರಲ್ಲಿ ಪ್ರಕಟಿಸಿದ ತನ್ನ ದೊಡ್ಡ ಗ್ರಂಥದಲ್ಲಿ ಈ ಮುತ್ತಿಗೆಯ ವೃತ್ತಾಂತವನ್ನು ಸೇರಿಸಿದ್ದಾನೆ. ಹಸಿವು, ಕಾಯಿಲೆ, ರಾತ್ರೋರಾತ್ರಿ ಗೋಡೆ ಹಾರಿ ಓಡಿಹೋಗುವವರು: ಅಂಥ ದಿನಗಳಲ್ಲಿ ಅಗಳಿ ಒಳಗಿದ್ದರೇನು, ಹೊರಗಿದ್ದರೇನು? 1784ರ ಮಾರ್ಚಿನಲ್ಲಿ ಮಂಗಳೂರಿನ ಒಪ್ಪಂದವಾದ ಮೇಲಷ್ಟೇ ಅವನಿಗೆ ಬಿಡುಗಡೆ. ಕೋಟೆಯನ್ನು ಗೆಲ್ಲುವವರೆಗೆ ಅದು ಗೆಲ್ಲುವವನಿಗೆ ಅಡ್ಡಿ. ಗೆದ್ದ ಮೇಲೆ ಸೋತವರನ್ನಿಡಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. 1799ರಲ್ಲಿ ಟಿಪ್ಪು ಸತ್ತ ಬಳಿಕ ಅವನ ಮಕ್ಕಳು ಮರಿಗಳನ್ನೆಲ್ಲ ಇಂಗ್ಲಿಷರು ಒಯ್ದಿಟ್ಟದ್ದು ವೆಲ್ಲೂರಿನ ಕೋಟೆಯಲ್ಲಿ.

ಇಷ್ಟು ತಿಳಿದಿದ್ದರೂ ಪ್ರವಾಸಿಯ ಸುಖಕ್ಕೆ ಕುಂದು ಬರಲಿಲ್ಲ. ಆ ಸುಖದ ಗುಟ್ಟು ಬೇರೆಲ್ಲೋ ಇದೆ. ಸೆರೆಕೋಣೆಯೊಳಗೆ ಕಾಲಿಟ್ಟಾಗ ಏನಾಗುತ್ತದೆಂದು ಪ್ರಾಮಾಣಿಕವಾಗಿ ನೆನೆದು ನೋಡಿ. ತಲೆ ತಗ್ಗಿಸಿ ಒಳಗೆ ಹೋಗುತ್ತೇವೆ. ತಂಪು, ಕತ್ತಲೆ, ಬಾವಲಿಯ ವಾಸನೆ. ಎತ್ತರದಲ್ಲೊಂದು ಗವಾಕ್ಷಿ. “ಅಯ್ಯೋ, ಹೇಗಿದ್ದರೋ!” ಎನ್ನುತ್ತೇವೆ. ಗೋಡೆಯನ್ನು ಮುಟ್ಟುತ್ತೇವೆ. ಎರಡು ನಿಮಿಷವಾಗುತ್ತಲೇ ಹೊರಗೆ ಬರುತ್ತೇವೆ. ಹೊರಗೆ ಬಂದಾಗಿನ ಬೆಳಕಿದೆಯಲ್ಲ, ಅದೇ ಸುಖ. ಮತ್ತೊಬ್ಬನ ಇಡೀ ಆಯುಷ್ಯದ ಕತ್ತಲೆಯನ್ನು ಎರಡು ನಿಮಿಷ ಬಾಡಿಗೆಗೆ ಪಡೆದು ನಮ್ಮ ಬೆಳಕಿಗೆ ಹೊಳಪು ತಂದುಕೊಳ್ಳುತ್ತೇವೆ. ಹೊರಗೆ ಬಂದು ಎಳನೀರು ಕುಡಿಯುತ್ತೇವೆ. ಇದರಲ್ಲಿ ಪಾಪವಿದೆಯೆಂದು ನಾನು ಹೇಳುವುದಿಲ್ಲ. ಸ್ಮಶಾನದಿಂದ ಬಂದವನಿಗೆ ಊಟ ರುಚಿಸುವುದೂ ಪಾಪವಲ್ಲ. ಆದರೆ ಅದನ್ನು ಕನಿಕರವೆಂದು ಕರೆದುಕೊಳ್ಳುವುದು ಸುಳ್ಳು.

ಸುಖಕ್ಕೆ ಇನ್ನೊಂದು ಕಾರಣವೂ ಇದೆ. ಅದು ಇದಕ್ಕಿಂತ ಸೂಕ್ಷ್ಮವಾದದ್ದು. ನನಗೆ ಅದು ಹೊಳೆದದ್ದು ಕೆಲವು ವರ್ಷಗಳ ಕೆಳಗೆ, ಬೆಂಗಳೂರಿನಲ್ಲಿ.

ಬೆಂಗಳೂರಿನ ಹಳೆಯ ಸೆಂಟ್ರಲ್ ಜೇಲು ಈಗ ಸ್ವಾತಂತ್ರ್ಯ ಉದ್ಯಾನ. ಕೈದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿದ ಮೇಲೆ ಖಾಲಿ ಬಿದ್ದಿದ್ದ ಜಾಗವನ್ನು ಉದ್ಯಾನ ಮಾಡಿ 2008ರಲ್ಲಿ ಜನರಿಗೆ ತೆರೆದರು. ಒಂದೆರಡು ಬರಾಕುಗಳನ್ನೂ ನಡುವಿನ ಕಾವಲು ಗೋಪುರವನ್ನೂ ಉಳಿಸಿಕೊಂಡಿದ್ದಾರೆ. ನಗರದಲ್ಲಿ ಧರಣಿ, ಮೆರವಣಿಗೆಗಳಿಗೆಲ್ಲ ಈ ಒಂದೇ ಜಾಗ ಎಂದು 2021ರಲ್ಲಿ ಸರಕಾರದ ಆಜ್ಞೆಯೂ ಆಯಿತು. ಸರಕಾರದ ವಿರುದ್ಧ ಕೂಗುವವರು ಹಳೆಯ ಜೇಲಿನ ಅಂಗಳದಲ್ಲೇ ಕೂಗಬೇಕೆಂಬ ಏರ್ಪಾಟನ್ನು ಮಾಡಿದವರಿಗೆ ಇದರಲ್ಲಿ ನಗೆಯೇನಾದರೂ ಕಂಡಿತೋ ಇಲ್ಲವೋ ತಿಳಿಯದು. ಚಿಕ್ಕಜ್ಜನಾಗಿದ್ದರೆ ನಗುತ್ತಿರಲಿಲ್ಲ, ಅಗಳಿಯನ್ನು ಹುಡುಕುತ್ತಿದ್ದರು.

ಮೊಮ್ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆ. ಅವಳಿಗೆ ತುರ್ತುಪರಿಸ್ಥಿತಿಯ ಕಥೆ ಹೇಳಿದೆ: 1975ರ ಜೂನಿನಲ್ಲಿ ವಾಜಪೇಯಿ, ಅಡ್ವಾಣಿಯವರನ್ನು ಬೆಂಗಳೂರಿನಲ್ಲಿ ಹಿಡಿದು ಇಲ್ಲಿಟ್ಟದ್ದು. ಅದಕ್ಕಿಂತ ಹೆಚ್ಚಾಗಿ ಸ್ನೇಹಲತಾ ರೆಡ್ಡಿಯ ಕಥೆ ಹೇಳಿದೆ. ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯಾಗಿದ್ದವರು. 1976ರ ಮೇ ತಿಂಗಳಲ್ಲಿ ಅವರನ್ನು ಬಂಧಿಸಿದರು. ಆಸ್ತಮಾ ಕಾಯಿಲೆಯ ಹೆಣ್ಣುಮಗಳು. ಎಂಟು ತಿಂಗಳು ಇದೇ ಜೇಲಿನಲ್ಲಿದ್ದರು. ಇನ್ನು ಉಳಿಯುವಂತಿಲ್ಲ ಎಂದಾದಾಗ, 1977ರ ಜನವರಿ 15ರಂದು ಪೆರೋಲಿನ ಮೇಲೆ ಬಿಟ್ಟರು. 20ರಂದು ತೀರಿಕೊಂಡರು. ಐದು ದಿನ. ಈ ಲೆಕ್ಕ ಹೇಳುವಾಗ ನನ್ನ ಗಂಟಲು ಕಟ್ಟಿತು. ಕಟ್ಟಿದ್ದು ನಿಜವೇ, ಅದನ್ನು ಮೊಮ್ಮಗಳು ನೋಡಲಿ ಎಂಬ ಆಸೆಯೂ ಅಷ್ಟೇ ನಿಜ.

ಅವಳು ಕೇಳಿದಳು: “ಅಜ್ಜಾ, ನಮ್ಮ ಮನೆಯವರು ಯಾರಾದರೂ ಜೇಲಿನಲ್ಲಿದ್ದರಾ?”

“ಇದ್ದರು,” ಎಂದೆ, ಎದೆಯುಬ್ಬಿಸಿ. “ನನ್ನ ಅಜ್ಜ. 1932ರ ಕಾನೂನುಭಂಗದಲ್ಲಿ. ಹಿಂಡಲಗಾ ಜೇಲಿನಲ್ಲಿ ಆರು ತಿಂಗಳು.”

ಇದು ಸತ್ಯ. ಉತ್ತರ ಕನ್ನಡದವರಿಗೆ ಇಂಥ ಅಜ್ಜಂದಿರ ಬರಗಾಲವಿಲ್ಲ. 1930ರಲ್ಲಿ ಅಂಕೋಲೆಯಲ್ಲಿ ಉಪ್ಪು ಮಾಡಿದ ಜಿಲ್ಲೆ ಇದು. ಸಿದ್ದಾಪುರ, ಅಂಕೋಲೆಗಳಲ್ಲಿ ಕರ ಕೊಡದೆ ಹೊಲ ಮನೆ ಕಳೆದುಕೊಂಡವರ ಜಿಲ್ಲೆ. 1972ರಲ್ಲಿ ಅಜ್ಜನಿಗೆ ಬಂದ ತಾಮ್ರಪತ್ರ ಇಂದಿಗೂ ಮಂಕಿಯ ಮನೆಯ ಜಗಲಿಯಲ್ಲಿ ತೂಗುತ್ತಿದೆ. ಜೇಲಿನ ದಿನಗಳನ್ನು ಅಜ್ಜ ಹಬ್ಬದ ಕಥೆ ಹೇಳಿದಂತೆ ಹೇಳುತ್ತಿದ್ದರು. ರೊಟ್ಟಿಯಲ್ಲಿ ಸಿಕ್ಕ ಮರಳು, ಕದ್ದು ಹಾಡಿದ ಪದ, ಹೊಸಬನ ಸೊಂಟದಲ್ಲಿ ನಿಲ್ಲದ ಚಡ್ಡಿ. ನಾವು ನಕ್ಕು ನಕ್ಕು ಸಾಕಾಗುತ್ತಿದ್ದೆವು.

ನಾನು ಮೊಮ್ಮಗಳಿಗೆ ಹೇಳಿದ್ದು ಸತ್ಯ, ಆದರೆ ಅರ್ಧ. ಚಿಕ್ಕಜ್ಜನೂ ಜೇಲಿನಲ್ಲಿದ್ದರು. ಆರು ತಿಂಗಳಲ್ಲ, ಇಪ್ಪತ್ತೆಂಟು ವರ್ಷ. ಮುಂಬಯಿ ಇಲಾಖೆಯ ಒಂದು ಜಿಲ್ಲಾ ತುರಂಗದಲ್ಲಿ ಅವರು ಕಾರಕೂನರು. ಅಣ್ಣ ಒಂದು ಜೇಲಿನ ಒಳಗೆ, ತಮ್ಮ ಇನ್ನೊಂದು ಜೇಲಿನ ಕಚೇರಿಯಲ್ಲಿ. ಅಣ್ಣ ಒಳಗಿದ್ದ ಆ ಆರು ತಿಂಗಳು ಮಂಕಿಯ ಮನೆಯ ಒಲೆ ಉರಿದದ್ದು ತಮ್ಮನ ಮನಿಯಾರ್ಡರಿನಿಂದ. ಇದನ್ನು ಅಜ್ಜ ಎಂದೂ ಬಾಯಿಬಿಟ್ಟು ಹೇಳಲಿಲ್ಲ, ಚಿಕ್ಕಜ್ಜನೂ ಹೇಳಲಿಲ್ಲ. ನನಗೆ ಹೇಳಿದ್ದು ಅಜ್ಜಿ, ಅದೂ ಇಬ್ಬರೂ ಹೋದ ಮೇಲೆ. ತುರಂಗದಲ್ಲಿ ಚಿಕ್ಕಜ್ಜನ ಕೆಲಸವೇನೆಂದರೆ, ಬಂದ ಕೈದಿಯ ಮೈಮೇಲಿನ ವಸ್ತುಗಳನ್ನು ಇಳಿಸಿಕೊಂಡು ಪುಸ್ತಕದಲ್ಲಿ ಬರೆದಿಡುವುದು, ಬಿಡುಗಡೆಯ ದಿನ ಬರೆದದ್ದನ್ನು ನೋಡಿ ಹಿಂದಕ್ಕೆ ಕೊಡುವುದು. ಧೋತರ ಒಂದು, ಅಂಗಿ ಒಂದು, ಬೆಳ್ಳಿಯ ಉಡಿದಾರ ಒಂದು, ರೊಕ್ಕ ಇಷ್ಟಾಣೆ. ನಿವೃತ್ತಿಯಾಗಿ ಊರಿಗೆ ಬಂದ ಮೇಲೂ ರಾತ್ರಿ ಎಲ್ಲರೂ ಮಲಗಿದ ಬಳಿಕ ಲಾಟೀನು ಹಿಡಿದು ಮನೆಯ ಒಂದೊಂದು ಬಾಗಿಲಿನ ಅಗಳಿಯನ್ನೂ ಎರಡೆರಡು ಸಲ ಎಳೆದು ನೋಡುತ್ತಿದ್ದರು. ಆ ಸದ್ದು ಕೇಳಿದ ಮೇಲೆ ನನಗೆ ಧೈರ್ಯವಾಗಿ ನಿದ್ದೆ ಬರುತ್ತಿತ್ತು.

ಹಳೆಯ ಸೆರೆಮನೆಯಲ್ಲಿ ನಿಂತಾಗ ನಮಗೆ ಸಿಗುವ ಎರಡನೆಯ ಸುಖ ಇದು: ನಾವೆಲ್ಲರೂ ಕೈದಿಯ ಕಡೆಯವರಾಗಿಬಿಡುತ್ತೇವೆ. ಯಾರ ಅಪ್ಪಣೆಯೂ ಬೇಕಿಲ್ಲ, ಯಾವ ಬೆಲೆಯನ್ನೂ ಕೊಡಬೇಕಾಗಿಲ್ಲ. ಕಂಬಿಯ ಹಿಂದೆ ನಿಂತು ಮುಖ ಸಪ್ಪೆ ಮಾಡಿಕೊಂಡು ಫೋಟೋ ತೆಗೆಸಿಕೊಳ್ಳುವವರನ್ನು ಎಷ್ಟೋ ಕಂಡಿದ್ದೇನೆ, ನಾನೂ ತೆಗೆಸಿಕೊಂಡಿದ್ದೇನೆ. ಕೀಲಿಕೈಯ ಗೊಂಚಲನ್ನು ಹಿಡಿದಂತೆ ನಿಂತು ತೆಗೆಸಿಕೊಂಡವನನ್ನು ಒಬ್ಬನನ್ನೂ ಕಂಡಿಲ್ಲ. ಸಾವಿರ ಜನರನ್ನು ಕೂಡಿಹಾಕಲು ನೂರು ಜನ ಬೇಕಾಗಿದ್ದರಷ್ಟೆ? ಅಡಿಗೆಯವನು, ಬೀಗ ಹಾಕುವವನು, ಲೆಕ್ಕ ಬರೆಯುವವನು, ನಾಡಿ ನೋಡುವ ಡಾಕ್ಟರು. ಅವರೆಲ್ಲ ಸಂತಾನವಿಲ್ಲದೆ ಹೋದರೇ? ಸಿಮೆಂಟು, ಸಕ್ಕರೆಗೆ ವಾರಸುದಾರರಿರುವ ಈ ನಾಡಿನಲ್ಲಿ ಕೀಲಿಕೈಗೆ ಮಾತ್ರ ವಾರಸುದಾರರಿಲ್ಲ. ಉದ್ಯಾನದ ಕಾವಲು ಗೋಪುರದ ಬುಡದಲ್ಲಿ ನಿಂತಿದ್ದಾಗ ನನಗನ್ನಿಸಿತು: ಸ್ನೇಹಲತಾ ರೆಡ್ಡಿಯವರನ್ನು ಒಳಗೆ ಬಿಟ್ಟುಕೊಂಡ ದಿನ ಅವರ ಬಳೆ, ಗಡಿಯಾರಗಳನ್ನು ಇಳಿಸಿಕೊಂಡು ಬರೆದಿಟ್ಟ ಕಾರಕೂನನೊಬ್ಬನೂ ಇದ್ದನಲ್ಲ. ಅವನೂ ಸಂಜೆ ಮನೆಗೆ ಹೋಗಿ ಮಕ್ಕಳ ಪಾಠ ಕೇಳಿರಬೇಕು. ಅವನು ಕೆಟ್ಟವನೇ? ನನಗೆ ಹೌದೆನ್ನಲು ಬಾಯಿ ಬರುವುದಿಲ್ಲ, ಅಲ್ಲವೆನ್ನಲೂ ಬಾಯಿ ಬರುವುದಿಲ್ಲ. ಅವನು ತನ್ನ ಪುಸ್ತಕದಲ್ಲಿ ಒಂದು ಅಂಕೆಯನ್ನೂ ತಪ್ಪು ಬರೆದಿರಲಾರ.

ದಕ್ಷಿಣ ಆಫ್ರಿಕದ ರಾಬೆನ್ ದ್ವೀಪದಲ್ಲಿ, ಅಲ್ಲಿನ ಸೆರೆಮನೆಯನ್ನು ವಸ್ತುಸಂಗ್ರಹಾಲಯ ಮಾಡಿದ ಮೇಲೆ, ಬಂದವರಿಗೆ ಸುತ್ತ ತೋರಿಸಲು ಅಲ್ಲಿದ್ದ ಕೈದಿಗಳನ್ನೇ ನೇಮಿಸಿದರು. ಮಂಡೇಲರ ಕಾವಲಿಗಿದ್ದ ಕ್ರಿಸ್ಟೋ ಬ್ರಾಂಡ್ ಎಂಬವನೂ ಮುಂದೆ ಅದೇ ವಸ್ತುಸಂಗ್ರಹಾಲಯದ ಅಂಗಡಿಯಲ್ಲಿ ಕೆಲಸಕ್ಕೆ ನಿಂತ. ಅಗಳಿಯ ಎರಡೂ ಬದಿಯವರು ಒಂದೇ ಛಾವಣಿಯ ಕೆಳಗೆ! ನಾನು ಆ ದ್ವೀಪವನ್ನು ನೋಡಿಲ್ಲ, ಇನ್ನು ನೋಡುವ ಸಂಭವವೂ ಇಲ್ಲ. ಆದರೆ ನಮ್ಮ ಯಾವ ಕೋಟೆಯಲ್ಲೂ, ಯಾವ ತುರಂಗದಲ್ಲೂ ಕಾವಲಿನವನ ಬಾಯಿಂದ ಒಂದು ಮಾತನ್ನು ಕೇಳುವ ಅವಕಾಶ ನನಗೆ ಸಿಗಲಿಲ್ಲ. ಸಿಕ್ಕಿದ್ದು ಮನೆಯಲ್ಲೇ; ಅದನ್ನು ಕೇಳಿಸಿಕೊಳ್ಳಲಿಲ್ಲ.

ಹಾಗಾದರೆ ಇವನ್ನೆಲ್ಲ ನೋಡಲು ಹೋಗಲೇಬಾರದೆಂಬ ಪಕ್ಷ ನನ್ನದಲ್ಲ. ನೋಡದೆ ಬಿಟ್ಟದ್ದು ಕುಸಿಯುತ್ತದೆ. ಕುಸಿದದ್ದನ್ನು ಇಲ್ಲವೆನ್ನುವುದು ಸುಲಭ. ಅಂಡಮಾನದ ಸೆಲ್ಯುಲರ್ ಜೇಲಿನ ಏಳು ಸಾಲುಗಳಲ್ಲಿ ಇಂದು ಉಳಿದಿರುವುದು ಮೂರು. ಉಳಿದವನ್ನು ಕೆಡವಿದ ಕಡೆ ಆಸ್ಪತ್ರೆ ಎದ್ದಿತು. ಜೇಲು ಹೋಗಿ ಆಸ್ಪತ್ರೆ ಬಂದರೆ ಅದನ್ನು ತಪ್ಪೆನ್ನುವ ಧೈರ್ಯ ನನಗಿಲ್ಲ, ಆದರೆ ಮೂರು ಉಳಿದದ್ದಕ್ಕೆ ಸಂತೋಷವಿದೆ. ನೋಡುವುದು ಬೇಕು. ಯಾರ ಹೆಸರನ್ನು ಹಿಡಿದು ನೋಡುತ್ತೇವೆಂಬುದೇ ನನ್ನ ತಕರಾರು.

ಶ್ರೀರಂಗಪಟ್ಟಣಕ್ಕೆ ಹೋದವರೆಲ್ಲ ಕರ್ನಲ್ ಬೈಲಿಯ ಸೆರೆಮನೆಯನ್ನು ನೋಡಿಯೇ ಬರುತ್ತಾರೆ. ಬಿಳಿಯ ಸುಣ್ಣದ ಕಮಾನುಗಳು. ಗೋಡೆಗೆ ಸಾಲಾಗಿ ಕಲ್ಲಿನ ಹಲಗೆಗಳು, ಅವುಗಳಲ್ಲಿ ಸರಪಳಿ ತೂರಿಸುವ ತೂತುಗಳು. 1780ರಲ್ಲಿ ಪೊಳ್ಳಿಲೂರಿನ ಯುದ್ಧದಲ್ಲಿ ಸೆರೆಸಿಕ್ಕ ಬೈಲಿ 1782ರಲ್ಲಿ ಪಟ್ಟಣದಲ್ಲಿ ಬಂಧನದಲ್ಲೇ ಸತ್ತ. ಅವನ ಹೆಸರು ಆ ನೆಲಮಾಳಿಗೆಗೆ ನಿಂತಿತು. ಗುಂಬಜಿನ ಹತ್ತಿರ ಅವನ ಸೋದರಳಿಯ ಕಟ್ಟಿಸಿದ ಸ್ಮಾರಕವೂ ಇದೆ. ಸರಿ, ಸತ್ತವನಿಗೆ ಕಲ್ಲು ಸಲ್ಲಬೇಕಾದದ್ದೇ. ಆದರೆ 1784ರಲ್ಲಿ ನಮ್ಮ ಈ ಕರಾವಳಿಯಿಂದ ಕ್ರೈಸ್ತ ಸಂಸಾರಗಳನ್ನು ಹಿಂಡುಹಿಂಡಾಗಿ ಘಟ್ಟ ಹತ್ತಿಸಿ ಅದೇ ಪಟ್ಟಣಕ್ಕೆ ಸಾಗಿಸಿದರು. ಮೂವತ್ತು ಸಾವಿರವೆನ್ನುವವರಿದ್ದಾರೆ, ಎಂಬತ್ತು ಸಾವಿರವೆನ್ನುವವರಿದ್ದಾರೆ. ಲೆಕ್ಕವೇ ಇಷ್ಟು ಹಿಗ್ಗುತ್ತ ಕುಗ್ಗುತ್ತ ಇದೆಯೆಂದರೆ ಹೆಸರುಗಳ ಗತಿಯೇನು? ಉಳಿದವರು ಹಿಂದಿರುಗಿದ್ದು 1799ರ ನಂತರ. ಈ ಮಾತನ್ನು ಇಂದಿನ ಜಗಳಕ್ಕೆ ಕಟ್ಟಿಗೆಯೆಂದು ನಾನು ಒಡ್ಡುತ್ತಿಲ್ಲ. 1792ರಲ್ಲಿ ಟಿಪ್ಪುವಿನ ಇಬ್ಬರು ಚಿಕ್ಕ ಗಂಡುಮಕ್ಕಳನ್ನು ಒತ್ತೆಯಾಳುಗಳಾಗಿ ಕಾರ್ನ್‌ವಾಲಿಸ್ ಒಯ್ದನಲ್ಲ, ಅವರೂ ಮಕ್ಕಳೇ. ಆ ಒಪ್ಪಿಸಿಕೊಳ್ಳುವ ದೃಶ್ಯವನ್ನು ಇಂಗ್ಲಿಷ್ ಚಿತ್ರಕಾರರು ಚಂದಚಂದವಾಗಿ ಬರೆದರು. ಸುಲ್ತಾನನ ಮಕ್ಕಳಿಗೆ ಚಿತ್ರ, ಕರ್ನಲನಿಗೆ ಕಲ್ಲು. ಘಟ್ಟ ಹತ್ತಿದವರಿಗೆ ಎರಡೂ ಇಲ್ಲ. ಅವರ ಹೆಸರುಗಳನ್ನು ಯಾರೋ ಒಬ್ಬ ಕಾರಕೂನ ಎಲ್ಲೋ ಬರೆದಿಟ್ಟಿದ್ದನೋ ಏನೋ.

ಹೋದ ಮಳೆಗಾಲ ಮಂಕಿಗೆ ಹೋದಾಗ ಮೊಮ್ಮಗಳೂ ಬಂದಿದ್ದಳು. ಅಟ್ಟದ ಮೇಲಿನ ಟ್ರಂಕಿನಲ್ಲಿ ಏನೇನಿದೆ ನೋಡೋಣವೆಂದು ಕೆಳಗಿಳಿಸಿದಳು. ಚಿಕ್ಕಜ್ಜನ ಟ್ರಂಕು. ಗೆದ್ದಲು ಹಿಡಿದ ಪಂಚಾಂಗಗಳು, ಕಪ್ಪು ಕೋಟು, ಪಿಂಚಣಿಯ ಕಾಗದಗಳು. ತಳದಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟ ಹಿತ್ತಾಳೆಯ ನಶ್ಯದ ಡಬ್ಬಿ. ಚಿಕ್ಕಜ್ಜ ನಶ್ಯ ಸೇದಿದ್ದನ್ನು ನಾನು ಕಾಣೆ. ಇದು ಯಾರದು ಎಂದು ಕೇಳಿದಳು. ಆಗ ಅವಳಿಗೆ ಉಳಿದ ಅರ್ಧವನ್ನೂ ಹೇಳಬೇಕಾಯಿತು: ಕಾರಕೂನಿಕೆ, ಮನಿಯಾರ್ಡರು, ರಾತ್ರಿಯ ಅಗಳಿ. ಅವಳು ನನ್ನ ಮುಖವನ್ನೇ ನೋಡುತ್ತ ಕೇಳಿದಳು, ಅಂದು ಬೆಂಗಳೂರಿನಲ್ಲಿ ಯಾಕೆ ಹೇಳಲಿಲ್ಲ ಎಂದು ಮಾತ್ರ ಕೇಳಲಿಲ್ಲ.

ಡಬ್ಬಿಯ ಕಥೆ ನನಗೆ ಗೊತ್ತಿತ್ತು. ಮಿರ್ಜಾನಿನಿಂದ ಹಿಂದಿರುಗುವಾಗ ಬಸ್ಸಿನಲ್ಲಿ ಚಿಕ್ಕಜ್ಜ ಹೇಳಿದ್ದರು. ಯಾವನೋ ಒಬ್ಬ ಕೈದಿ, ಒಳಗಿರುವಾಗಲೇ ಜ್ವರದಿಂದ ಸತ್ತ. ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಇದ್ದದ್ದು ಒಂದು ಧೋತರ, ಒಂದು ಕಂಬಳಿ, ಈ ಡಬ್ಬಿ. ಕಾಗದ ಹಾಕಿದರೂ ಮನೆಯವರು ಯಾರೂ ಬರಲಿಲ್ಲ. ನಿಯಮದ ಪ್ರಕಾರ ಹರಾಜಿಗಿಟ್ಟರು. ಬೇರೆಯವರ ಕೈಗೆ ಹೋಗಬಾರದೆಂದು ಚಿಕ್ಕಜ್ಜ ನಾಲ್ಕಾಣೆ ಕೊಟ್ಟು ತಾವೇ ತೆಗೆದುಕೊಂಡರು. ಯಾರಾದರೂ ಬಂದರೆ ಕೊಡೋಣವೆಂದು ಇಟ್ಟುಕೊಂಡರು. ಆ ಮಾತು ಹೇಳುವಾಗ ಅವರು ಕಿಟಕಿಯಾಚೆ ನೋಡುತ್ತಿದ್ದರು. ಕೈದಿಯ ಹೆಸರನ್ನೂ ಅವನ ಊರನ್ನೂ ಹೇಳಿದರು. “ನೆನಪಿಟ್ಟುಕೊ ಮಾಣಿ,” ಎಂದೂ ಹೇಳಿದರು. ನನ್ನ ಕೈಯಲ್ಲಿ ಕೋಟೆಯಿಂದ ತಂದ ಕೋಲಿತ್ತು. ಅದನ್ನು ಬಸ್ಸಿನ ಕಂಡಕ್ಟರು ಕಿತ್ತುಕೊಳ್ಳುವನೆಂಬ ಭಯದಲ್ಲಿ ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ.

ಮೊಮ್ಮಗಳು ಡಬ್ಬಿಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದು ತಾಮ್ರಪತ್ರದ ಕೆಳಗಿನ ಗೂಡಿನಲ್ಲಿಟ್ಟಿದ್ದಾಳೆ. ಪಕ್ಕದಲ್ಲಿ ಒಂದು ಚೀಟಿಯಲ್ಲಿ ಹೆಸರು ಬರೆದಿಡಬೇಕೆಂದು ಅವಳ ಇಚ್ಛೆ. ಚೀಟಿಯನ್ನು ಕತ್ತರಿಸಿಯೂ ಇಟ್ಟಿದ್ದಾಳೆ. ಊರಿನ ಹೆಸರು ‘ಗ’ದಿಂದ ಮೊದಲಾಗುತ್ತಿತ್ತೆಂದು ನನಗೆ ನೆನಪು, ಅದೂ ಖಂಡಿತವಲ್ಲ.